ಯಾರನ್ನಾದರೂ ಇರಿಸು

ಬಸವಕಲ್ಯಾಣ
೧೯ ಜೂನ್ ೧೯೯೭

ಪ್ರೀತಿಯ ತಮ್ಮ ಗುರುಶಾಂತನಿಗೆ,

ನಿನಗೂ ವಿದ್ಯಾವತಿಗೂ ನಮ್ಮ ದೀಪಾಲಿಗೂ ಬಸವಣ್ಣ ಒಳ್ಳೆಯದು ಮಾಡಲಿ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀ, ಗೊತ್ತು. ಹುಮನಾಬಾದ ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ನಾವು ಪರದೇಶದವರ ಹಾಗೆ ಕಾಗದ ಬರೆಯುತ್ತೇವೆ. ನಿನಗೆ ನಿನ್ನ ಸಿಮೆಂಟಿನ ಅಂಗಡಿ ಬಿಡುವುದಿಲ್ಲ, ನನಗೆ ಮೈದುನನ ಮನೆಯ ಒಲೆ ಬಿಡುವುದಿಲ್ಲ. ನಿನ್ನ ಭಾವನವರು ತೀರಿಕೊಂಡಾಗಿನಿಂದ ಆ ಒಲೆಯ ಮುಂದೆ ಕೂತವಳು ಇನ್ನೂ ಎದ್ದಿಲ್ಲ ಎಂದು ತಿಳಿ.

ಭೂಕಂಪದ ವರ್ಷ ಬೀಗ ಹಾಕಿದ ಮನೆ ಹಾಗೇ ಬಿದ್ದಿದೆ, ಅಪ್ಪ ಕಟ್ಟಿಸಿದ್ದು ಕಣ್ಣೆದುರು ಮಣ್ಣಾಗುವುದು ಬೇಡ, ಬಾಡಿಗೆ ಬರದಿದ್ದರೂ ಚಿಂತೆಯಿಲ್ಲ, ಅಕ್ಕಾ, ಯಾರನ್ನಾದರೂ ಇರಿಸು ಎಂದು ನೀನು ಬರೆದಿದ್ದೆ. ಕೀಲಿ ನನ್ನ ಹತ್ತಿರವೇ ಇತ್ತಲ್ಲ, ಹೋಗಿ ತೆರೆದೆ. ಬಾಗಿಲು ದೂಡಿದರೆ ಒಳಗೆಲ್ಲ ಪಾರಿವಾಳಗಳ ರಾಜ್ಯ. ಹಿತ್ತಲಲ್ಲಿ ಜಾಲಿ ಬೆಳೆದು ಬಚ್ಚಲ ಗೋಡೆಯ ಮೇಲೆ ಕೈಯಿಟ್ಟು ನಿಂತಿದೆ. ಪಡಸಾಲೆಯಲ್ಲಿ ಅಪ್ಪನ ಗಾದಿ ಹಾಕುತ್ತಿದ್ದ ಮೂಲೆಯಲ್ಲಿ ಒಂದು ಹುತ್ತ ಏಳತೊಡಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಎಲ್ಲವನ್ನೂ ಬೈಯುತ್ತ ಗುಡಿಸಿದೆ. ಪಾರಿವಾಳಗಳಿಗೂ ಬೈದೆ, ನಿನಗೂ ಬೈದೆ.

ಗೌಂಡಿ ಲಾಲಪ್ಪನನ್ನು ಕರೆದು ತೋರಿಸಿದೆ. ಅವನು ಗೋಡೆ ತಟ್ಟಿ, ತೊಲೆಗೆ ಕಿವಿಯಿಟ್ಟು, ಭೂಕಂಪದಲ್ಲಿ ಬಿಟ್ಟ ಬಿರುಕಿನಲ್ಲಿ ಬೆರಳು ಹಾಕಿ ನೋಡಿದ. "ಅಕ್ಕೋರೆ, ಕಂಬ ತೊಲಿ ಎಲ್ಲಾ ಗಟ್ಟಿ ಅದಾವ್ರಿ. ಆದ್ರ ಒಲಿ ಹೊತ್ತಬೇಕು. ಹೊಗಿ ಆಡಲಾರದ ಮನ್ಯಾಗ ಗೆದ್ದಲ ಏರತಾವ" ಎಂದ. ತಲೆಯ ಮೇಲಿನ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸಿದೆ, ಈ ಮಳೆಗಾಲಕ್ಕೆ ಭಯವಿಲ್ಲ.

ಇರುವವರು ಮಾತ್ರ ಸಿಗುತ್ತಿಲ್ಲ. ಮುಡಬಿ ಕಡೆಯ ಒಬ್ಬ ಮಾಸ್ತರರು ಹೆಂಡತಿಯನ್ನು ಕರೆತಂದು ತೋರಿಸಿದರು. ಆಕೆ ನೆಲ ನೋಡಲಿಲ್ಲ, ನೀರಿನ ಅನುಕೂಲ ಕೇಳಲಿಲ್ಲ, ತಲೆಯೆತ್ತಿ ಮಾಳಿಗೆಯನ್ನೇ ನೋಡುತ್ತ ನಿಂತಳು. ಕಿಲ್ಲಾರಿಯ ಕಡೆ ಆಕೆಯ ಸೋದರತ್ತೆ ಭೂಕಂಪದಲ್ಲಿ ಇಂಥದೇ ಮಣ್ಣಿನ ಮಾಳಿಗೆಯ ಕೆಳಗೆ ಸಿಕ್ಕಿ ಹೋದಳಂತೆ. ಪತ್ರಾಸಿನ ತಗಡಿನ ಶೆಡ್ಡಿನಲ್ಲಿ ಬೇಯುತ್ತೇವೆ, ಇದು ಮಾತ್ರ ಬೇಡ ಎಂದು ಹೋದರು. ಆಮೇಲೆ ಬಂದವರದೂ ಅದೇ ಹಾಡು. ಅಲ್ಲಿಯವರೆಗೆ ಮನೆ ಪೂರಾ ಹಾಳು ಕಾಣಬಾರದೆಂದು ದಿನಾ ಸಂಜೆ ಹೋಗಿ ದೇವರ ಜಗುಲಿಯ ಮೇಲೆ ಒಂದು ದೀಪ ಹಚ್ಚಿ ಬರುತ್ತಿದ್ದೇನೆ. ಕಿಡಕಿಯಿಂದ ಬೆಳಕು ಕಂಡರೆ ಕಳ್ಳರೂ ಅನುಮಾನಿಸುತ್ತಾರೆ.

ಇಲ್ಲಿಯ ಸುದ್ದಿಯೆಂದರೆ, ಮೈದುನ ಹಣಮಂತ ಮಗನಿಗೆ ಹೆಣ್ಣು ಹುಡುಕುತ್ತಿದ್ದಾನೆ. ಹೋದ ವಾರ ನನ್ನ ನೆಗೆಣ್ಣಿ ನಾನು ಮಲಗುವ ಕೋಣೆಗೆ ಬಂದು, ಗೇಣು ಹಾಕಿ ಗೋಡೆ ಅಳೆದಳು. ಮಂಚ ಇಲ್ಲಿ, ಅಲಮಾರಿ ಅಲ್ಲಿ ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಹಾಸಿಗೆಯ ಮೇಲೆ ಕೂತೇ ಇದ್ದೆ. ಕೆಟ್ಟವಳಲ್ಲ ಪಾಪ, ಮನೆ ಸಣ್ಣದು.

ಮೈ ಕಾಪಾಡಿಕೊ. ದೀಪಾಲಿಗೆ ಮುತ್ತು.

ನಿನ್ನ ಅಕ್ಕ
ತುಳಜಾಬಾಯಿ

---

ಬಸವಕಲ್ಯಾಣ
೨ ಸೆಪ್ಟೆಂಬರ್ ೧೯೯೭

ತಮ್ಮಾ ಗುರುಶಾಂತ,

ಮಕ್ಕಳು ಮರಿ ಸಹಿತ ಸುಖವಾಗಿರು. ಪಂಚಮಿಗೆ ನೀನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ ಸೀರೆ ಮುಟ್ಟಿತು. ಬಣ್ಣ ಚೆನ್ನಾಗಿದೆ, ವಿದ್ಯಾವತಿಯೇ ಆರಿಸಿರಬೇಕು, ನಿನ್ನ ಕಣ್ಣಿಗೆ ಸಿಮೆಂಟಿನ ಬಣ್ಣ ಬಿಟ್ಟು ಬೇರೆ ಕಾಣುವುದಿಲ್ಲ. ಪಂಚಮಿಗೆ ಎಲ್ಲರನ್ನೂ ಅವರ ಅಣ್ಣತಮ್ಮಂದಿರು ಕರೆಯಲು ಬರುತ್ತಾರೆ. ನೀನಾದರೂ ಎಲ್ಲಿಗೆಂದು ಕರೆಯುತ್ತೀ, ತವರುಮನೆಯ ಕೀಲಿ ನನ್ನ ಸೊಂಟದಲ್ಲೇ ಇದೆಯಲ್ಲ. ಹೊಸ ಸೀರೆ ಉಟ್ಟು ನನ್ನನ್ನು ನಾನೇ ಕರೆದುಕೊಂಡು ಹೋಗಿ, ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಕೂತು, ಉಂಡಿ ತಿಂದು ಬಂದೆ.

ಈಗ ಮುಖ್ಯ ಮಾತು. ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ, ಓದಿ ನೀನು ನಗುತ್ತೀಯೋ ಬೈಯುತ್ತೀಯೋ ಅದೂ ತಿಳಿಯದು. ನಮ್ಮ ಮನೆಯಲ್ಲಿ ಅಪ್ಪ ಇದ್ದಾರಂತೆ.

ಕೋಟೆ ರಸ್ತೆಯಲ್ಲಿ ಚಹದ ಹೋಟೆಲ್ ಇಟ್ಟ ಪಂಡರಿ ಗೊತ್ತಲ್ಲ? ಅವನ ಹೆಂಡತಿಗೆ ಮೊಣಕಾಲು ನೋವು. ಒಂದು ಸಂಜೆ ನಡೆಯಲಾರದೆ ನಮ್ಮ ಕಟ್ಟೆಯ ಮೇಲೆ ಕೂತಳಂತೆ. ಹೊರಗೆ ಬೀಗ, ಒಳಗೆ ದೀಪ. ನಮ್ಮ ಅಪ್ಪ ಮಹಾರುದ್ರಪ್ಪನವರು ಬದುಕಿದ್ದಾಗ ಚೇಳು ಕಡಿದವರಿಗೆ ವಿಭೂತಿ ಹಚ್ಚುತ್ತಿದ್ದುದು ನೆನಪಾಗಿ ಕೈಮುಗಿದಳಂತೆ. ಎದ್ದರೆ ನೋವಿಲ್ಲ. ಹೆಂಡತಿ ಹೇಳಿದ್ದನ್ನು ಪಂಡರಿ ಚಹದ ಜೊತೆ ಊರಿಗೆಲ್ಲ ಹಂಚಿದ. ಮರುವಾರದಿಂದ ಹೊಸ್ತಿಲ ಮೇಲೆ ತೆಂಗಿನಕಾಯಿ, ಊದುಬತ್ತಿ, ಸಕ್ಕರೆ. ಯಾರದೋ ಕಳೆದ ಮೇಕೆ ನಮ್ಮ ಹಿತ್ತಲಲ್ಲಿ ಸಿಕ್ಕಿತು, ಅದೂ ಅಪ್ಪನ ಲೆಕ್ಕಕ್ಕೆ ಹೋಯಿತು. ಹಿತ್ತಲ ಗೋಡೆ ಬಿದ್ದಲ್ಲಿಂದ ಮೇಕೆ ಬರದೆ ಮತ್ತೇನು ಆನೆ ಬರುತ್ತದೆಯೇ?

ನಮ್ಮ ಅಪ್ಪ ಹೇಗಿದ್ದರೆಂದು ನಮಗೆ ಗೊತ್ತು. ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ನಶ್ಯ ಏರಿಸಿ ಸೀನಿದರೆ ಓಣಿಯ ನಾಯಿ ಎದ್ದು ಓಡುತ್ತಿತ್ತು. ಅಂಥವರು ಈಗ ಜನರಿಗೆ ಮಕ್ಕಳನ್ನು ಕೊಡುತ್ತಿದ್ದಾರಂತೆ. ನಾನು ಪಂಡರಿಯ ಹೋಟೆಲಿಗೇ ಹೋಗಿ ಹೇಳಿದೆ: ಅಪ್ಪ ತೀರಿಕೊಂಡದ್ದು ಹುಮನಾಬಾದಿನಲ್ಲಿ, ತಮ್ಮನ ಮನೆಯಲ್ಲಿ, ಸಮಾಧಿಯಾದದ್ದು ಮುಡಬಿಯ ಹೊಲದಲ್ಲಿ, ಇಲ್ಲಿ ಏನೂ ಇಲ್ಲ, ದೀಪ ಹಚ್ಚುವವಳು ನಾನು. ಅವನು ಚಹ ಸೋಸುತ್ತ ಸಮಾಧಾನದಿಂದ ಕೇಳಿಸಿಕೊಂಡ.

"ನೀವ್ ಹಚ್ಚಾಕತ್ತೀರಿ, ಖರೆ ಅದ. ಆದ್ರ ನಿಮ್ಮ ಕೈಲೆ ಹಚ್ಚಸೋರು ಅವರೇ ಅದಾರ್ರಿ" ಎಂದ.

ಹೌದೆಂದರೂ ಅವನೇ ಗೆದ್ದ, ಅಲ್ಲವೆಂದರೂ ಅವನೇ ಗೆದ್ದ. ದೀಪ ಹಚ್ಚುವುದನ್ನೇ ನಿಲ್ಲಿಸಿದರಾಯಿತೆಂದು ಕೆಲವು ದಿನ ಆ ಕಡೆ ಹೋಗಲಿಲ್ಲ. ಆಮೇಲೆ ಹೋಗಿ ನೋಡಿದರೆ ಹೊಸ್ತಿಲ ಮೇಲೆ ದೀಪ ಉರಿಯುತ್ತಿದೆ. ಪಕ್ಕದ ಮನೆಯ ಶಹಜಾದಿ, ಬಳೆ ಮಾರುವವಳು, ಹಚ್ಚಿದ್ದಾಳೆ. ಕೇಳಿದರೆ ಅವಳ ಕಣ್ಣಲ್ಲಿ ನೀರು. ಅಪ್ಪಾರು ಕತ್ತಲೆಯಲ್ಲಿ ಕೂತಿರುವಾಗ ತನಗೆ ರೊಟ್ಟಿ ಹೇಗೆ ಇಳಿಯಬೇಕೆಂದು ನನ್ನನ್ನೇ ಕೇಳಿದಳು. ಗುರುವಾರಕ್ಕೊಮ್ಮೆ ಲೋಬಾನದ ಧೂಪವನ್ನೂ ಹಾಕುತ್ತಾಳೆ. ಅವಳ ಮುಂದೆ ನನಗೆ ಏನೋ ನಾನೇ ಅಪ್ಪನಿಗೆ ಅನ್ಯಾಯ ಮಾಡಿದ ಹಾಗೆ ಅನ್ನಿಸಿತು. ಮರುದಿನದಿಂದ ಮತ್ತೆ ಹಚ್ಚುತ್ತಿದ್ದೇನೆ. ಇದಕ್ಕೆ ಏನನ್ನುತ್ತೀ?

ಇದರಿಂದ ಆದ ಅನಾಹುತ ಕೇಳು. ದವಾಖಾನೆಯ ಒಬ್ಬ ನರ್ಸಮ್ಮ, ಗಟ್ಟಿ ಹೆಣ್ಣು, ಮಾಳಿಗೆಗೆ ಹೆದರುವವಳಲ್ಲ, ಬಂದಿರಲು ಒಪ್ಪಿದ್ದಳು. ಈಗ ಒಲ್ಲೆ ಎನ್ನುತ್ತಾಳೆ. ಗುಡಿಯಂಥ ಜಾಗದಲ್ಲಿ ಸಂಸಾರ ಹೂಡಿ, ಮಗುವಿನ ಬಟ್ಟೆ ಒಣಹಾಕುವುದು ಹೇಗೆಂದು ಅವಳ ಪ್ರಶ್ನೆ. ಮೊದಲು ಮಾಳಿಗೆ ಬೀಳುತ್ತದೆಂದು ಬರಲಿಲ್ಲ, ಈಗ ಅಪ್ಪ ಇದ್ದಾರೆಂದು ಬರುವುದಿಲ್ಲ. ಖಾಲಿ ಮನೆ ಖಾಲಿಯಾಗಿಯೇ ಉಳಿಯಿತು, ಮುಂದೆ ಗದ್ದಲ ಮಾತ್ರ ಹೆಚ್ಚಾಯಿತು.

ನನಗೆ ಒಂದೇ ದಾರಿ ತೋಚುತ್ತದೆ. ನಮ್ಮ ಮಂದಿಯೇ ಯಾರಾದರೂ ಅಲ್ಲಿ ಹೋಗಿ ಇದ್ದರೆ, ಒಲೆ ಹೊತ್ತಿಸಿದರೆ, ಬಾವಿಯ ನೀರು ಸೇದಿದರೆ, ಇದು ಬರೀ ಮನೆ ಎಂದು ಜನ ತಾವೇ ತಿಳಿದುಕೊಳ್ಳುತ್ತಾರೆ. ವಿಚಾರ ಮಾಡಿ ಬರೆ. ಬೇಗ ಬರೆ.

ಹಣಮಂತನ ಮಗನಿಗೆ ಹೆಣ್ಣು ಗೊತ್ತಾಯಿತು. ಮದುವೆ ಬೇಸಿಗೆಯಲ್ಲಿ.

ನಿನ್ನ ಒಳಿತನ್ನೇ ಬಯಸುವ
ಅಕ್ಕ ತುಳಜಾಬಾಯಿ

---

ಬಸವಕಲ್ಯಾಣ
೩೦ ಜನವರಿ ೧೯೯೮

ಪ್ರೀತಿಯ ಗುರುಶಾಂತ,

ದೀಪಾಲಿಗೆ ಜ್ವರ ಬಂದು ಹೋಯಿತೆಂದು ಕೇಳಿದೆ. ದೇವರು ದೊಡ್ಡವನು, ಮಗು ಗೆಲುವಾಗಿರಲಿ. ನಾನೂ ತಡಮಾಡಿ ಬರೆಯುತ್ತಿದ್ದೇನೆ, ನೀನೂ ತಡಮಾಡಿ ಬರೆದೆ, ಲೆಕ್ಕ ಸರಿಹೋಯಿತು.

ನಮ್ಮ ಮಂದಿ ಇರಲಿ ಅಂದದ್ದಕ್ಕೆ ನೀನು ಬರೆದದ್ದನ್ನು ಓದಿದೆ. ನಾನು ಅಂಗಡಿ ಬಿಟ್ಟು ಹೇಗೆ ಬರಲಿ, ವಿದ್ಯಾವತಿಗೆ ಕಲ್ಯಾಣದ ನೀರು ಒಗ್ಗುವುದಿಲ್ಲ, ದೀಪಾಲಿಯ ಶಾಲೆ ಇಲ್ಲಿದೆ, ಮುಡಬಿಯ ಕಾಕಾನ ಮಕ್ಕಳು ಹೊಲ ಬಿಟ್ಟು ಬರುವವರಲ್ಲ, ಇನ್ನು ಯಾರಿದ್ದಾರೆ ಅಕ್ಕಾ ನಮ್ಮವರು ಎಂದು ಬರೆದಿದ್ದೀ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಹೌದಪ್ಪಾ, ಯೋಚಿಸಿದರೆ ಯಾರೂ ಕಾಣುವುದಿಲ್ಲ.

ಇಲ್ಲಿ ಈಗ ಎರಡು ಕಡೆಯವರು ಎಳೆದಾಡುತ್ತಿದ್ದಾರೆ. ಅಂಗನವಾಡಿಯ ಬಾಯಿ ಬಂದಿದ್ದಳು, ಮಕ್ಕಳನ್ನು ಗಿಡದ ಕೆಳಗೆ ಕೂರಿಸುತ್ತಿದ್ದಾಳೆ, ಪಡಸಾಲೆಯನ್ನಾದರೂ ಕೊಡಿ ಎಂದಳು. ನನಗೆ ಮನಸ್ಸಾಯಿತು. ಮಕ್ಕಳು ಪಡಸಾಲೆಯಲ್ಲಿ ಆಡಿಕೊಂಡಿರಲಿ, ಹಿಂದೆ ಅಡುಗೆಮನೆ ಮತ್ತು ಕೋಣೆ ಯಾರಿಗಾದರೂ ಇರಲು ಬರುತ್ತದೆ. ಅಷ್ಟರಲ್ಲಿ ಪಂಡರಿ ನಾಲ್ಕು ಮಂದಿಯನ್ನು ಕೂಡಿಸಿ ಕಮಿಟಿ ಎಂದು ಹೆಸರಿಟ್ಟ. ಅಪ್ಪನವರ ಜಾಗದಲ್ಲಿ ಮಕ್ಕಳು ಉಚ್ಚೆ ಹೊಯ್ದರೆ ಓಣಿಗೆ ಕೇಡು ಎಂದು ಅಂಗನವಾಡಿಯವಳನ್ನು ಹೆದರಿಸಿ ಕಳಿಸಿದರು. ಬಿದ್ದ ಹಿತ್ತಲ ಗೋಡೆಯನ್ನು ಅವರೇ ಕಟ್ಟಿದರು. ಜಾಲಿ ಕಡಿದರು. ನಾಲ್ಕು ವರ್ಷ ನಾನೂ ನೀನೂ ಮಾಡದ ಕೆಲಸ ಅವರು ಮಾಡುತ್ತಿರುವಾಗ ಬೈಯಲು ಬಾಯಿ ಬರುವುದಿಲ್ಲ.

ನಿಜ ಹೇಳಲೇ? ನನಗೂ ತಲೆ ಕೆಟ್ಟಿದೆ. ಮೊನ್ನೆ ಸಂಜೆ ಕಸ ಗುಡಿಸುವಾಗ ನಶ್ಯದ ವಾಸನೆ ಬಂತು. ಗೋಡೆಯ ಗೂಡಿನಲ್ಲಿ ಹಳೆಯ ಡಬ್ಬಿ ಇದೆಯೋ ಎಂದು ಕೈಯಾಡಿಸಿದೆ, ಇಲ್ಲ. ಕಟ್ಟೆಯ ಮೇಲೆ ಕೂತ ಯಾವ ಮುದುಕನದೋ ಇರಬೇಕು. ಆದರೂ ಪೊರಕೆ ಹಿಡಿದುಕೊಂಡೇ ಕೇಳಿದೆ, ಅಪ್ಪಾ, ಇದ್ದರೆ ಇದ್ದೇನೆ ಅನ್ನು, ಇಲ್ಲದಿದ್ದರೆ ಇವರನ್ನೆಲ್ಲ ಮನೆಗೆ ಕಳಿಸು ಎಂದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ಬೇರೆಯವರದೆನಿಸಿತು. ಹೊರಗೆ ಬಂದರೆ ಒಬ್ಬ ಹೆಣ್ಣುಮಗಳು ನನ್ನ ಕಾಲು ಮುಟ್ಟಿದಳು. ಅಪ್ಪನವರ ಜೊತೆ ಮಾತಾಡಿ ಬಂದವಳಂತೆ ನಾನು. ಅವಳಿಗೆ ಆಶೀರ್ವಾದ ಮಾಡಿದೆನೋ ಬೈದೆನೋ ನೆನಪಿಲ್ಲ.

ಶಿವರಾತ್ರಿಗೆ ಬಾ. ನಿನ್ನ ಕಣ್ಣಿಂದ ನೋಡಿ, ಮನೆ ಮನೆಯಾಗಬೇಕೋ ಗುಡಿಯಾಗಬೇಕೋ ಹೇಳಿ ಹೋಗು. ಮಾಲಕ ನೀನು. ನನಗೂ ನಿನ್ನ ಜೊತೆ ಒಂದು ಮಾತಾಡುವುದಿದೆ, ಕಾಗದದಲ್ಲಿ ಬರುವಂಥದಲ್ಲ.

ನೆಗೆಣ್ಣಿ ನಾನು ಮಲಗುತ್ತಿದ್ದ ಕೋಣೆಗೆ ಸುಣ್ಣ ಹೊಡೆಸಿದಳು. ನನ್ನ ಟ್ರಂಕು ಈಗ ಇವರ ಪಡಸಾಲೆಯಲ್ಲಿದೆ, ಬಂದವರು ಅದರ ಮೇಲೆ ಕೂಡುತ್ತಾರೆ.

ದಾರಿ ನೋಡುತ್ತಿರುವ
ಅಕ್ಕ ತುಳಜಾಬಾಯಿ

---

ಬಸವಕಲ್ಯಾಣ
೧೪ ಏಪ್ರಿಲ್ ೧೯೯೮

ಚಿರಂಜೀವಿ ಗುರುಶಾಂತನಿಗೆ,

ನೂರು ಕಾಲ ಬಾಳು. ಶಿವರಾತ್ರಿಗೆ ನೀನು ಬಂದು ಹೋದಮೇಲೆ ಬರೆಯಬೇಕೆಂದು ಎಷ್ಟೋ ಸಲ ಕಾಗದ ತೆಗೆದೆ, ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದೆ. ಕ್ಷಮಿಸು. ವಿದ್ಯಾವತಿ ಕೊಟ್ಟ ಉಪ್ಪಿನಕಾಯಿ ಚೆನ್ನಾಗಿದೆ, ಖಾರ ಸ್ವಲ್ಪ ಮುಂದು.

ಆ ದಿನ ನೀನು ಪಡಸಾಲೆಯಲ್ಲಿ ಇದ್ದೆ, ನಾನು ಅಡುಗೆಮನೆಯಲ್ಲಿ ಇದ್ದೆ. ಆದ್ದರಿಂದ ನನ್ನ ಕಡೆಯದು ನಿನಗೆ ಗೊತ್ತಿಲ್ಲ. ನೀನು ಬರುತ್ತೀಯೆಂದು ಬೆಳಿಗ್ಗೆಯೇ ಹೋಗಿ ಒಲೆ ಸಾರಿಸಿ ಹೊತ್ತಿಸಿದ್ದೆ, ಭೂಕಂಪದ ನಂತರ ಮೊದಲ ಸಲ. ಮೊದಮೊದಲು ಹೊಗೆ ಹೋಗಲು ದಾರಿ ಸಿಗದೆ ನನ್ನ ಮುಖಕ್ಕೇ ಬಂತು. ಆಮೇಲೆ ಗವಾಕ್ಷಿ ಬಿಚ್ಚಿಕೊಂಡು ಸರಾಗವಾಗಿ ಹೋಯಿತು. ಸಾಬೂದಾಣಿ ಖಿಚಡಿಗೆ ಶೇಂಗಾ ಹುರಿಯುತ್ತ ಕೂತಿದ್ದೆ. ಬಹಳ ಖುಷಿಯಾಗಿದ್ದೆ ತಮ್ಮಾ, ಸುಳ್ಳು ಯಾಕೆ ಹೇಳಲಿ. ನೀರಿನ ಕೊಡ ಇಲ್ಲಿ, ಹಿಟ್ಟಿನ ಡಬ್ಬಿ ಅಲ್ಲಿ ಎಂದು ನೆಗೆಣ್ಣಿಯ ಹಾಗೆ ನಾನೂ ಗೇಣು ಹಾಕುತ್ತಿದ್ದೆ.

ಆಗ ಹೊರಗೆ ಹೆಂಗಸರು ಬಂದು ಹಾಡಲು ಕೂತರು. ಶಹಜಾದಿ ಲೋಬಾನ ತಂದಳು. ನಮ್ಮ ಅಪ್ಪನ ಹೆಸರು ಹಿಡಿದು ಅಷ್ಟು ಮಂದಿ ಕೈಮುಗಿದದ್ದು ನೋಡಿ ನಿನಗೆ ದುಃಖ ಉಕ್ಕಿತು. ನಿನ್ನ ಬಿಕ್ಕು ನನಗೆ ಒಳಗೇ ಕೇಳಿಸಿತು. ಅಪ್ಪ ಸತ್ತಾಗಲೂ ಅಂಗಡಿಯವರ ಮುಂದೆ ನೀನು ಅತ್ತಿರಲಿಲ್ಲ. ಪಂಡರಿ ಏನೋ ಮೆಲ್ಲಗೆ ಕೇಳಿದ. ಆಮೇಲೆ ನಿನ್ನ ದನಿ.

"ಅಪ್ಪಂದು ಮನಿ ಅಪ್ಪಗೇ ಇರ್ಲಿ. ಇವತ್ತಿಂದ ಇದು ನಂದಲ್ಲ, ಊರಿಂದು."

ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ನೀನು ಕಣ್ಣೊರಸಿಕೊಂಡು ನನ್ನ ಕಡೆ ತಿರುಗಿದೆ.

"ಅಕ್ಕಾ, ನಿನಗ ಖುಷಿ ಆಯ್ತಿಲ್ಲೋ?" ಎಂದೆ.

"ಆಯ್ತಪ್ಪಾ" ಎಂದೆ ನಾನು. ಅಷ್ಟು ಮಂದಿಯ ಮುಂದೆ ಇನ್ನೇನು ಅನ್ನಲಿ? ಶೇಂಗಾ ಸೀದ ವಾಸನೆ ಬಂದು ಒಳಗೆ ಹೋದೆ. ನೀನು ಖಿಚಡಿ ತಿಂದು ಸಂಜೆಯ ಬಸ್ಸಿಗೆ ಹೊರಟೆ. ಅದೇನೋ ಮಾತಿದೆ ಅಂದಿದ್ದೆಯಲ್ಲ ಎಂದು ಬಸ್‌ಸ್ಟ್ಯಾಂಡಿನಲ್ಲಿ ನೀನು ಕೇಳಿದೆ, ನಿಜ. ಏನಿಲ್ಲ ಬಿಡು ಎಂದೆ ನಾನು. ಬಸ್ಸು ಚಾಲೂ ಆಗಿತ್ತು.

ಈಗ ಕೆಲಸ ಬಹಳ ಮುಂದೆ ಹೋಗಿದೆ. ನೀನು ಕಳಿಸಿದ ಸಿಮೆಂಟು, ನೆಲಕ್ಕೆ ಶಹಾಬಾದ ಫರ್ಶಿಕಲ್ಲು ಎರಡೂ ಬಂದವು. ಜನ ಕೂಡಲು ಜಾಗ ಸಾಲದೆಂದು ಅಡುಗೆಮನೆಯ ಗೋಡೆ ತೆಗೆದು ಒಂದೇ ದೊಡ್ಡ ಪಡಸಾಲೆ ಮಾಡಿದ್ದಾರೆ. ಒಲೆಯ ಮಣ್ಣನ್ನು ಲಾಲಪ್ಪ ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕುವಾಗ ನನ್ನ ಮುಖ ನೋಡಲಿಲ್ಲ. ಬಿರುಕು ಮುಚ್ಚಿದೆ, ಮಾಳಿಗೆಯ ಕೆಳಗೆ ಕಬ್ಬಿಣದ ತೊಲೆ ಕೊಟ್ಟಿದ್ದಾರೆ, ಇನ್ನು ನೂರು ವರ್ಷ ಏನೂ ಆಗುವುದಿಲ್ಲವಂತೆ. ಬೇಮಳಖೇಡದಿಂದ ಒಬ್ಬ ಸ್ವಾಮಿಯವರು ಬಂದಿದ್ದಾರೆ, ಎರಡು ಹೊತ್ತು ಪೂಜೆ ಅವರದೇ. ಕೀಲಿಯನ್ನು ನಾನೇ ಅವರ ಕೈಗೆ ಕೊಟ್ಟೆ. ಬೆಳಗಿನಿಂದ ಸಂಜೆಯವರೆಗೆ ಜನವೋ ಜನ. ಮೊದಲು ಮಾಳಿಗೆ ನೋಡಿ ಓಡಿಹೋದ ಮಾಸ್ತರರ ಹೆಂಡತಿಯೂ ಬಂದು ಅದರ ಕೆಳಗೇ ತಾಸುಗಟ್ಟಲೆ ಕೂಡುತ್ತಾಳೆ. ನನ್ನನ್ನು ಕಂಡರೆ ಎಲ್ಲರೂ ಎದ್ದು ಜಾಗ ಬಿಡುತ್ತಾರೆ, ಅಪ್ಪನವರ ಮಗಳು ಎಂದು ಮುಂದೆ ಕೂರಿಸುತ್ತಾರೆ. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ನನಗೆ ಹೇಳಲು ಬರುವುದಿಲ್ಲ. ಶಹಜಾದಿಯ ಮುಖ ನೋಡಿದರೆ ಒಳ್ಳೆಯದಾಗಿದೆ ಅನ್ನಿಸುತ್ತದೆ. ಮನೆಯಂತೂ ಹಾಳಾಗಲಿಲ್ಲ, ನೀನು ಕೇಳಿದ್ದು ಅಷ್ಟೇ ತಾನೇ?

ವಿದ್ಯಾವತಿಗೆ ಬೆನ್ನು ನೋವಿಗೆ ಎಣ್ಣೆ ತಿಕ್ಕಲು ಹೇಳು. ದೀಪಾಲಿ ಚೆನ್ನಾಗಿ ಓದಲಿ, ಅವಳಿಗೆ ಒಳ್ಳೆಯ ಮನೆ ಸಿಗಲಿ. ನಿನ್ನ ಅಂಗಡಿ ಬೆಳೆಯಲಿ. ನೀವೆಲ್ಲ ತಂಪಾಗಿರಿ.

ನಿನ್ನ ಅಕ್ಕ
ತುಳಜಾಬಾಯಿ

ತಾ.ಕ.: ಸಹಿ ಮಾಡಿ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಹಣಮಂತನ ಮಗನ ಮದುವೆ ಬರುವ ಸೋಮವಾರ. ಮದುವೆಯಾದ ಮೇಲೆ ನಾನು ಎಲ್ಲಿ ಮಲಗಬೇಕೆಂದು ಈ ಮನೆಯಲ್ಲಿ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ನಮ್ಮ ಮಂದಿ ಯಾರಾದರೂ ಇರಲಿ ಎಂದು ನಿನಗೆ ಬರೆದಾಗ ನನಗಾಗಿಯೇ ಬರೆದಿದ್ದೆ. ಕೊಟ್ಟ ಹೆಣ್ಣು ತವರಿನಲ್ಲಿ ಇರುತ್ತೇನೆಂದು ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು. ನೀನು ಕಾಕಾನ ಮಕ್ಕಳವರೆಗೂ ಹೋಗಿ ಹುಡುಕಿದೆ. ನನ್ನ ಹೆಸರು ನಿನಗೆ ಹೊಳೆಯಲೇ ಇಲ್ಲವೋ, ಹೊಳೆದೂ ಬಿಟ್ಟೆಯೋ, ಅದೊಂದು ತಿಳಿಯದೆ ನನಗೆ ಊಟ ಸೇರುತ್ತಿಲ್ಲ. ಅಪ್ಪ ಆ ಮನೆಯಲ್ಲಿಲ್ಲ, ಮುಡಬಿಯ ಹೊಲದಲ್ಲಿದ್ದಾರೆ, ನೀನೇ ಹೆಗಲು ಕೊಟ್ಟು ಇಳಿಸಿ ಬಂದವನು. ಇಲ್ಲದವರಿಗೆ ಮನೆ ಕೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಖುಷಿಯಾಯಿತೇ ಎಂದು ಕೇಳಿದೆ.